ಕೋಶದೊಳಗೆ ಓಡುವ ಲಿಸ್ಟೀರಿಯಾ

ಕೇಳುಗರೆಲ್ಲರಿಗೂ ನಮಸ್ಕಾರ.

ಬ್ಯಾಕ್ಟೀರಿಯಾ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಅದನ್ನು ಕೊಲ್ಲುವುದು ಹೇಗೆ? ಕೇಳಲಿ, ತಪ್ಪೇನಿಲ್ಲ. ಆದರೆ ಅಷ್ಟಕ್ಕೇ ನಿಂತುಬಿಡುತ್ತಾರಲ್ಲ, ಅದು ನನಗೆ ಬೇಸರ. ಇವತ್ತು ನಾನು ಹೇಳಬೇಕಾದ ಮಾತು ಒಂದೇ. ನಮ್ಮ ಜೀವಕೋಶ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾ? ಅದರೊಳಗೆ ನುಗ್ಗಿದ ಬ್ಯಾಕ್ಟೀರಿಯಾವನ್ನು ನೋಡಿ. ಕೋಶದ ಒಳಗುಟ್ಟೆಲ್ಲ ಅದಕ್ಕೆ ಗೊತ್ತು.

ಲಿಸ್ಟೀರಿಯಾವನ್ನೇ ತೆಗೆದುಕೊಳ್ಳೋಣ. ಒಂದೆರಡು ಮೈಕ್ರೋಮೀಟರ್ ಉದ್ದದ ಪುಟ್ಟ ಕಡ್ಡಿ. ಆಹಾರದ ಜೊತೆ ಒಳಗೆ ಬರುತ್ತದೆ. ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ಕರುಳಿನ ಕೋಶಗಳ ಮೇಲೆ ಇ-ಕ್ಯಾಡ್ಹೆರಿನ್ ಅನ್ನುವ ಪ್ರೋಟೀನ್ ಇರುತ್ತದೆ. ಅಕ್ಕಪಕ್ಕದ ಕೋಶಗಳು ಒಂದನ್ನೊಂದು ಹಿಡಿದುಕೊಳ್ಳುವುದು ಅದರಿಂದಲೇ. ಲಿಸ್ಟೀರಿಯಾ ತನ್ನ ಇಂಟರ್ನಾಲಿನ್ ಪ್ರೋಟೀನಿನಿಂದ ಅದನ್ನೇ ಹಿಡಿಯುತ್ತದೆ. ಆಗ ಕೋಶ ತಾನಾಗಿಯೇ ಅದನ್ನು ಒಳಗೆ ಎಳೆದುಕೊಳ್ಳುತ್ತದೆ, ಒಂದು ಪೊರೆಯ ಚೀಲದಲ್ಲಿ. ಚೀಲದೊಳಗೆ ಆಮ್ಲ ಏರತೊಡಗುತ್ತದೆ. ಸಿಕ್ಕಿಬಿದ್ದದ್ದನ್ನು ಮುಗಿಸಲು ಕೋಶ ಮಾಡುವ ಉಪಾಯ ಅದು. ಆದರೆ ಲಿಸ್ಟೀರಿಯಾದ ಬಳಿ ಪೊರೆಗೆ ತೂತು ಕೊರೆಯುವ ಲಿಸ್ಟೀರಿಯೋಲೈಸಿನ್ ಇದೆ. ಅದು ಚುರುಕಾಗುವುದು ಆ ಆಮ್ಲದಲ್ಲೇ! ಚೀಲ ಹರಿಯುತ್ತದೆ, ಬ್ಯಾಕ್ಟೀರಿಯಾ ಹೊರಗೆ ಜಾರುತ್ತದೆ.

ಇನ್ನು ನನಗೆ ಅತಿ ಇಷ್ಟವಾದ ಕಥೆಗೆ ಬರುತ್ತೇನೆ.

1989ರಲ್ಲಿ ಲೂಯಿಸ್ ಟಿಲ್ನಿ ಮತ್ತು ಡೇನಿಯಲ್ ಪೋರ್ಟ್‌ನಾಯ್ ಎಂಬ ಇಬ್ಬರು ವಿಜ್ಞಾನಿಗಳು ಲಿಸ್ಟೀರಿಯಾ ಹೊಕ್ಕ ಕೋಶಗಳ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಚಿತ್ರಗಳನ್ನು ಪ್ರಕಟಿಸಿದರು. ಬ್ಯಾಕ್ಟೀರಿಯಾದ ಹಿಂದೆ ಧೂಮಕೇತುವಿನ ಹಾಗೆ ಒಂದು ಬಾಲ. ಆ ಬಾಲ ಬ್ಯಾಕ್ಟೀರಿಯಾದ್ದಲ್ಲ, ನಮ್ಮದು! ಪೂರ್ತಿ ನಮ್ಮ ಆಕ್ಟಿನ್ ಎಳೆಗಳು. ಆಕ್ಟಿನ್ ಅಂದರೆ ಕೋಶಕ್ಕೆ ಆಕಾರ ಕೊಡುವ ತೊಲೆ-ಕಂಬ ಇದ್ದ ಹಾಗೆ. ಬೇಕಾದಾಗ ಜೋಡಿಸಬಹುದು, ಬೇಡವಾದಾಗ ಬಿಚ್ಚಬಹುದು.

ಮೂರು ವರ್ಷದ ನಂತರ, ಓಡುವ ಲಿಸ್ಟೀರಿಯಾವನ್ನೇ ಹಿಂಬಾಲಿಸಿ ಅಳೆದರು. ಬಾಲದ ಎಳೆಗಳು ಇದ್ದಲ್ಲೇ ಇರುತ್ತವೆ. ಹೊಸ ಆಕ್ಟಿನ್ ಸೇರುವುದು ಬ್ಯಾಕ್ಟೀರಿಯಾದ ಬೆನ್ನಿಗೆ ತಾಗಿದ ಕಡೆ. ಅಲ್ಲಿ ಎಳೆ ಬೆಳೆದಷ್ಟೂ ಬ್ಯಾಕ್ಟೀರಿಯಾ ಮುಂದಕ್ಕೆ ತಳ್ಳಲ್ಪಡುತ್ತದೆ. ಎಳೆ ಬೆಳೆಯುವ ವೇಗವೇ ಓಟದ ವೇಗ. ಅದೇ 1992ರಲ್ಲಿ ಇದಕ್ಕೆ ಬೇಕಾದ ಬ್ಯಾಕ್ಟೀರಿಯಾದ ಪ್ರೋಟೀನ್ ಕೂಡ ಸಿಕ್ಕಿತು, ಹೆಸರು ಆಕ್ಟ್-ಎ. ಅದನ್ನು ತೆಗೆದುಬಿಟ್ಟರೆ ಲಿಸ್ಟೀರಿಯಾ ಕೋಶದೊಳಗೆ ಸುಮ್ನೆ ನಿಂತಲ್ಲೇ ಹೆಚ್ಚುತ್ತದೆ, ಓಡುವುದಿಲ್ಲ.

ಹಾಗಾದರೆ ಆಕ್ಟ್-ಎ ಕೋಶದೊಳಗೆ ಕೆಲಸ ಮಾಡಿಸುವುದು ಯಾರಿಂದ? ಅದನ್ನು ಹುಡುಕಲು ಮನುಷ್ಯರ ರಕ್ತದ ಪ್ಲೇಟ್‌ಲೆಟ್‌ಗಳ ಸಾರ ತೆಗೆದುಕೊಂಡರು. ಬೇರೆ ಬೇರೆ ಭಾಗ ಮಾಡುತ್ತಾ, ಲಿಸ್ಟೀರಿಯಾ ಸುತ್ತ ಆಕ್ಟಿನ್ ಕಟ್ಟಿಸುವುದು ಯಾವ ಭಾಗ ಅಂತ ನೋಡುತ್ತಾ ಹೋದರು. 1997ರಲ್ಲಿ ಉತ್ತರ ಬಂತು: ಆರ್ಪ್ 2/3. ಏಳು ಪ್ರೋಟೀನುಗಳ ಒಂದು ಗುಂಪು. ಇದು ನಮ್ಮ ಕೋಶಗಳ ಸ್ವಂತ ಸಲಕರಣೆ. ಬಿಳಿ ರಕ್ತಕಣ ತೆವಳಿಕೊಂಡು ಮುಂದೆ ಹೋಗುವಾಗಲೂ ಆಕ್ಟಿನ್ ಕಟ್ಟಲು ಇದೇ ಬೇಕು. ಕೊನೆಗೆ 1999ರಲ್ಲಿ ಫ್ರಾನ್ಸಿನ ಮಾರಿ-ಫ್ರಾನ್ಸ್ ಕಾರ್ಲಿಯೇ ಅವರ ತಂಡ ಕೋಶವೇ ಇಲ್ಲದೆ, ಶುದ್ಧ ಮಾಡಿದ ಬೆರಳೆಣಿಕೆಯ ಪ್ರೋಟೀನುಗಳಲ್ಲಿ ಬ್ಯಾಕ್ಟೀರಿಯಾವನ್ನು ಓಡಿಸಿ ತೋರಿಸಿತು. ಕೋಶ ಚಲಿಸಲು ಕನಿಷ್ಠ ಏನೇನು ಬೇಕು ಅನ್ನುವ ಪಟ್ಟಿ ನಮಗೆ ಸಿಕ್ಕಿದ್ದು ಹೀಗೆ. ಅದಕ್ಕೇ ಮತ್ತೆ ಹೇಳುತ್ತೇನೆ: ಕೋಶ ಅರ್ಥವಾಗಬೇಕಾದರೆ ಬ್ಯಾಕ್ಟೀರಿಯಾವನ್ನು ನೋಡಿ.

ಓಡಿ ಓಡಿ ಅದು ಕೋಶದ ಅಂಚಿಗೆ ಬಂದು ಪೊರೆಯನ್ನು ಬೆರಳಿನ ಹಾಗೆ ಚಾಚಿಸುತ್ತದೆ. ಪಕ್ಕದ ಕೋಶ ಆ ಬೆರಳನ್ನು ನುಂಗುತ್ತದೆ. ಬ್ಯಾಕ್ಟೀರಿಯಾ ಹೊರಗೆ ಕಾಲಿಡದೆಯೇ ಮನೆ ಬದಲಾಯಿತು! ರಕ್ತದಲ್ಲಿರುವ ಪ್ರತಿಕಾಯಗಳ ಕೈಗೆ ಅದು ಸಿಗುವುದೇ ಇಲ್ಲ. 1960ರ ದಶಕದಲ್ಲಿ ಜಾರ್ಜ್ ಮ್ಯಾಕನೆಸ್ ಇದೇ ಲಿಸ್ಟೀರಿಯಾವನ್ನು ಇಟ್ಟುಕೊಂಡು, ಪ್ರತಿಕಾಯಗಳಿಂದಲ್ಲದೆ ಕೋಶಗಳಿಂದಲೇ ನಡೆಯುವ ರೋಗನಿರೋಧಕ ಶಕ್ತಿ ಇದೆ ಅಂತ ತೋರಿಸಿದ್ದರು. ನೋಡಿ, ಅಲ್ಲೂ ಪಾಠ ಹೇಳಿದ್ದು ಬ್ಯಾಕ್ಟೀರಿಯಾನೇ ಅಲ್ವಾ?

ಸಮಯ ಕಡಿಮೆ ಉಳಿದಿದೆ, ಬೇಗ ಹೇಳಿಬಿಡುತ್ತೇನೆ. ಇಲಿಗೆ ಲಿಸ್ಟೀರಿಯಾ ತಿನ್ನಿಸಿದರೆ ಸೋಂಕು ಸರಿಯಾಗಿ ಹತ್ತುವುದಿಲ್ಲ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಇದಕ್ಕೆ ಕಾರಣ ಸಿಕ್ಕಿತು. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಸರ ಇದ್ದ ಹಾಗೆ. ಇ-ಕ್ಯಾಡ್ಹೆರಿನ್‌ನ 16ನೇ ಅಮೈನೋ ಆಮ್ಲ ಮನುಷ್ಯರಲ್ಲಿ ಪ್ರೋಲಿನ್, ಇಲಿಯಲ್ಲಿ ಗ್ಲುಟಾಮಿಕ್ ಆಮ್ಲ. ಆ ಒಂದೇ ಒಂದು ವ್ಯತ್ಯಾಸಕ್ಕೆ ಇಂಟರ್ನಾಲಿನ್ ಹಿಡಿತ ತಪ್ಪುತ್ತದೆ. ಗಿನಿಯಿಲಿಯಲ್ಲಿ ನಮ್ಮ ಹಾಗೆ ಪ್ರೋಲಿನ್ನೇ ಇದೆ. ಇನ್ನು, ಭೇದಿ ತರುವ ಶಿಗೆಲ್ಲಾ ಕೂಡ ಆಕ್ಟಿನ್ ಬಾಲದಿಂದಲೇ ಓಡುತ್ತದೆ, ಬೇರೆ ಪ್ರೋಟೀನ್ ಹಿಡಿದು ಅದೇ ಆರ್ಪ್ 2/3ಕ್ಕೆ ಬಂದು ಸೇರುತ್ತದೆ.

ಇದನ್ನು ತಿಳಿದು ಏನು ಲಾಭ ಅಂತ ಕೇಳುವವರು ಇರುತ್ತಾರೆ. ಮನುಷ್ಯರ ಗರ್ಭಕೋಶದ ಮಾಸಿನ ಮೇಲೂ ಇ-ಕ್ಯಾಡ್ಹೆರಿನ್ ಇದೆ. ಲಿಸ್ಟೀರಿಯಾ ಅದನ್ನೂ ದಾಟಿ ಮಗುವನ್ನು ಮುಟ್ಟಬಲ್ಲದು. ಬಸುರಿಯರು ಹಸಿ ಹಾಲು ಕುಡಿಯಬಾರದು, ಹಸಿ ಹಾಲಿನ ಮೆದು ಚೀಸ್ ತಿನ್ನಬಾರದು ಅಂತ ವೈದ್ಯರು ಹೇಳುವುದು ಇದಕ್ಕೇ. ಹಾಲನ್ನು ಕಾಯಿಸಿ ಕುಡಿಯಿರಿ, ಆ ಬಿಸಿಗೆ ಲಿಸ್ಟೀರಿಯಾ ಉಳಿಯುವುದಿಲ್ಲ. ನಮಸ್ಕಾರ.