ಜೇಬಿನಲ್ಲಿರುವುದನ್ನು ತೋರಿಸು

ಕೇಳುಗರಿಗೆ ನಮಸ್ಕಾರ.

ಏಳು ವರ್ಷದ ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು, "ನಿನ್ನ ಬಗ್ಗೆ ನಾಲ್ಕು ಮಾತು ಹೇಳು" ಅಂದು ನೋಡಿ. ಹೆಸರು ಹೇಳುತ್ತದೆ, ತರಗತಿ ಹೇಳುತ್ತದೆ, ಆಮೇಲೆ ಅಂಗಿಯ ಅಂಚು ತಿರುಚುತ್ತಾ ನೆಲ ನೋಡುತ್ತದೆ. ತಪ್ಪು ಮಗುವಿನದಲ್ಲ. ನಮ್ಮನ್ನು ಯಾರಾದರೂ ಹಾಗೆ ಕೇಳಿದರೆ ನಾವೂ ತಡವರಿಸುತ್ತೇವೆ, ಅಲ್ವಾ? ಅದೇ ಮಗು ಜೇಬಿನಿಂದ ಒಂದು ಹಳೇ ಗುಂಡಿ ತೆಗೆದು ತೋರಿಸುವಾಗ ನೋಡಬೇಕು. ಅದು ಎಲ್ಲಿ ಸಿಕ್ಕಿತು, ಯಾರ ಅಂಗಿಯದು, ತಮ್ಮನ ಕಣ್ಣಿಗೆ ಬೀಳದ ಹಾಗೆ ಅದನ್ನು ಎಲ್ಲಿ ಬಚ್ಚಿಟ್ಟಿತ್ತು, ಒಂದಾದ ಮೇಲೊಂದು ಬರುತ್ತಲೇ ಇರುತ್ತವೆ. ಗುಂಡಿಯ ಕಥೆ ಅಂತ ಶುರುವಾದದ್ದು ಅರ್ಧ ದಾರಿಯಲ್ಲೇ ಮಗುವಿನ ಕಥೆ ಆಗಿಬಿಟ್ಟಿರುತ್ತದೆ.

ನಾನು ಪ್ರಾಥಮಿಕ ತರಗತಿಯಲ್ಲಿ ಪಾಠ ಮಾಡುವವಳು. ಮಕ್ಕಳ ಕೈಗೆ ವಸ್ತು ಕೊಟ್ಟು ಕಲಿಸುವುದು ಹೊಸದೇನಲ್ಲ. ಜರ್ಮನಿಯ ಫ್ರೋಬೆಲ್ 1840ರಲ್ಲಿ ತನ್ನ ಶಾಲೆಗೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಅಂತ ಹೆಸರಿಟ್ಟ. ಉಣ್ಣೆಯ ಚೆಂಡು, ಮರದ ಗೋಲ, ಮರದ ಘನ, ಇವನ್ನೆಲ್ಲ ಮಕ್ಕಳಿಗೆ ಕೊಡುತ್ತಿದ್ದ, ಅವನ್ನು 'ಉಡುಗೊರೆ' ಅಂತಲೇ ಕರೆಯುತ್ತಿದ್ದ. 1907ರಲ್ಲಿ ರೋಮ್‌ನಲ್ಲಿ ಮರಿಯಾ ಮಾಂಟೆಸ್ಸರಿ ಶುರು ಮಾಡಿದ ಶಾಲೆಯಲ್ಲೂ ಮಕ್ಕಳು ಮುಟ್ಟಿ, ಜೋಡಿಸಿ ಕಲಿಯುತ್ತಿದ್ದರು. ಆದರೆ ಅವೆಲ್ಲ ದೊಡ್ಡವರು ಯೋಚಿಸಿ, ಅಳತೆ ನೋಡಿ ಮಾಡಿಸಿದ ವಸ್ತುಗಳು. ನಾನು ಹೇಳುತ್ತಿರುವುದು ಮಗು ತಾನೇ ಆರಿಸಿ ತಂದದ್ದರ ಬಗ್ಗೆ. ಮರದ ಘನ ಹಿಡಿದು ಮಗು ಆಕಾರ ಕಲಿಯುತ್ತದೆ ನಿಜ, ಆದರೆ ಅದನ್ನು ತಲೆದಿಂಬಿನ ಕೆಳಗೆ ಇಟ್ಟುಕೊಂಡು ಮಲಗುವುದಿಲ್ಲ.

ಬ್ರಿಟನ್ನಿನಲ್ಲಿ ಡೊನಾಲ್ಡ್ ವಿನಿಕಾಟ್ ಅಂತ ಒಬ್ಬ ಮಕ್ಕಳ ವೈದ್ಯ ಇದ್ದರು. ಪುಟ್ಟ ಮಕ್ಕಳು ಒಂದು ಹಳೇ ಬಟ್ಟೆಯನ್ನೋ ಬೊಂಬೆಯನ್ನೋ ಬಿಟ್ಟಿರಲಾರದೆ ಎಳೆದುಕೊಂಡೇ ಓಡಾಡುತ್ತವಲ್ಲ, ಅದರ ಬಗ್ಗೆ ಅವರು 1953ರಲ್ಲಿ ಬರೆದರು. ಅಂಥ ವಸ್ತು ಪೂರ್ತಿ 'ನಾನು' ಅಲ್ಲ, ಪೂರ್ತಿ ಹೊರಗಿನದೂ ಅಲ್ಲ, ಎರಡರ ನಡುವಿನದು ಅನ್ನುವುದು ಅವರ ಮಾತಿನ ತಿರುಳು. ಅವರು ಹೇಳಿದ್ದು ಶಾಲೆಗೂ ಮುಂಚಿನ ಎಳೆಯ ಮಕ್ಕಳ ವಿಷಯ. ಆದರೂ ಎರಡನೇ ತರಗತಿಯ ಹುಡುಗ ಮುಷ್ಟಿಯಲ್ಲಿ ಬೆಣಚುಕಲ್ಲು ಹಿಡಿದು ಎದ್ದು ನಿಂತಾಗ ನನಗೆ ಅದೇ ನೆನಪಾಗುತ್ತದೆ.

ನಮ್ಮ ತರಗತಿಯಲ್ಲಿ ವಾರಕ್ಕೊಂದು ಪಿರಿಯಡ್ ಇದಕ್ಕೇ ಮೀಸಲು. ತರುವ ವಸ್ತು ಮುಷ್ಟಿಯೊಳಗೆ ಹಿಡಿಸಬೇಕು, ಹೊಸದಾಗಿ ಕೊಂಡದ್ದಾಗಿರಬಾರದು. ಈ ನಿಯಮ ಯಾಕೆ ಅಂದರೆ, ಮೊದಮೊದಲು ಅದು ಸುಮ್ನೆ ಆಟಿಕೆಗಳ ಮೆರವಣಿಗೆ ಆಗಿಬಿಟ್ಟಿತ್ತು, ಯಾರದು ದೊಡ್ಡದು ಅನ್ನುವುದೇ ಜಾಸ್ತಿ ಆಗಿತ್ತು. ಈಗ ಗರಿ ಬರುತ್ತದೆ, ಮುರಿದ ಪೆನ್ಸಿಲ್ ಬರುತ್ತದೆ, ಒಮ್ಮೆ ಬಿದ್ದ ಹಲ್ಲೂ ಬಂತು, ಕಾಗದದಲ್ಲಿ ಸುತ್ತಿ. ಕಣ್ಣು ಮುಚ್ಚಿ ಮುಟ್ಟುವುದು, ನುಣುಪೋ ಒರಟೋ ಹೇಳುವುದು, ಎರಡು ಕಡೆಯಿಂದ ಚಿತ್ರ ಬರೆಯುವುದು, ಇದೆಲ್ಲ ಆಗುತ್ತದೆ. ಕೊನೆಗೆ ಆ ವಸ್ತುವೇ ಮಾತಾಡುವ ಹಾಗೆ ಮೂರು ಸಾಲು ಬರೆಯಬೇಕು. "ನನಗೆ ಭಯ" ಅಂತ ಯಾವತ್ತೂ ಬಾಯಿಬಿಟ್ಟು ಹೇಳದ ಹುಡುಗ ಬರೆದ, "ನಾನು ಒಂದು ಕಲ್ಲು. ಜೇಬಿನಲ್ಲಿ ಕತ್ತಲು. ಬೆಳಗಾಗಲಿ ಅಂತ ಕಾಯ್ತೀನಿ." ಕಾಗುಣಿತದ ತಪ್ಪುಗಳಿದ್ದವು. ಆ ದಿನ ಕೆಂಪು ಪೆನ್ನು ಮುಟ್ಟಲಿಲ್ಲ.

ನಾನು ಮಾಡಿದ ಒಂದು ಎಡವಟ್ಟನ್ನೂ ಹೇಳಬೇಕು. ಒಬ್ಬಳು ಹುಡುಗಿ ಬೀಗದ ಕೈ ತಂದಿದ್ದಳು. ತೋರಿಸಿದ ಕೂಡಲೇ, "ಯಾವ ಬೀಗದ್ದಮ್ಮ ಇದು?" ಅಂದೆ. "ಗೊತ್ತಿಲ್ಲ ಮಿಸ್" ಅಂದು ಕೂತುಬಿಟ್ಟಳು. ಮುಗಿಯಿತು. ಆಮೇಲೆ ಅವಳ ಚಿತ್ರದಲ್ಲಿ ನೋಡಿದರೆ ಒಂದು ಮನೆ, ಮನೆಗೆ ಬಾಗಿಲೇ ಇಲ್ಲ, ಕೀಲಿ ಮಾತ್ರ ಆಕಾಶದಲ್ಲಿ ಸೂರ್ಯನಷ್ಟು ದೊಡ್ಡದು. ನಾನು ಕೇಳಿದ್ದು ಬೀಗದ ವಿಷಯ, ಅವಳಿಗೆ ಹೇಳಬೇಕಾಗಿದ್ದದ್ದು ಬೇರೇನೋ. "ಇದು ನಿನ್ನ ಹತ್ತಿರ ಹೇಗೆ ಬಂತು?" ಅಂದು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು.

ಬಾಯಿ ಮುಚ್ಚಿಕೊಂಡು ಕೂರುವುದೇ ನಮಗೆ ಕಷ್ಟದ ಕೆಲಸ. ಅಮೆರಿಕದ ಮೇರಿ ಬಡ್ ರೋ ಅನ್ನುವ ಸಂಶೋಧಕಿ ತರಗತಿಗಳ ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡು 1970ರ ದಶಕದಲ್ಲಿ ಅಧ್ಯಯನ ಮಾಡಿದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುತ್ತಿದ್ದದ್ದು ಸರಾಸರಿ ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡಿಗೋ ಅದಕ್ಕಿಂತ ಸ್ವಲ್ಪ ಹೆಚ್ಚಿಗೋ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಮಾತಾಡದವರೂ ಮಾತಾಡಿದರು. ಬರೀ ಮೂರು ಸೆಕೆಂಡು! ಓದುವಾಗ ಸುಲಭ ಅನಿಸಿತು, ತರಗತಿಯಲ್ಲಿ ನಿಂತಾಗ ಅದು ಎಷ್ಟು ಉದ್ದ ಅಂತ ಗೊತ್ತಾಯಿತು.

ಅದು ಪೂರ್ತಿ ಗೊತ್ತಾದದ್ದು ಮಾತ್ರ ಹೋದ ತಿಂಗಳು. ಎಲ್ಲರದೂ ಮುಗಿದ ಮೇಲೆ ಹಿಂದಿನ ಬೆಂಚಿನಿಂದ ಒಂದು ದನಿ ಬಂತು, "ಮಿಸ್, ನೀವೇನೂ ತಂದಿಲ್ವಾ?" ನನ್ನ ಚೀಲ ತಡಕಾಡಿದೆ. ಇಂಕು ಮುಗಿದು ಎಷ್ಟೋ ವರ್ಷವಾದರೂ ಎಸೆಯದೆ ಇಟ್ಟುಕೊಂಡಿದ್ದ ಒಂದು ಪೆನ್ನು ಸಿಕ್ಕಿತು. ಎತ್ತಿ ಹಿಡಿದೆ. ಹೇಳಬೇಕು ಅಂದುಕೊಂಡದ್ದು ಗಂಟಲಲ್ಲೇ ನಿಂತಿತು. ಮಕ್ಕಳು ಕಾದರು. ಮೂರು ಸೆಕೆಂಡಿಗಿಂತ ಜಾಸ್ತಿಯೇ ಕಾದರು. ಕೊನೆಗೆ ಕೀಲಿ ತಂದಿದ್ದ ಹುಡುಗಿ ಅಂದಳು, "ಪರವಾಗಿಲ್ಲ ಮಿಸ್, ಮುಂದಿನ ವಾರ ಹೇಳಿ."