ಒಂದು ಜೇಬಿಗೆ ಏಳು ಲೆಕ್ಕ

ಚಿತ್ರ ಅಲುಗಾಡುತ್ತಿದ್ದರೆ ಬೈಯಬೇಡಿ, ಬಳ್ಳಾರಿಯ ಕೌಲ್ ಬಜಾರಿನ ಈ ಮೆಟ್ಟಿಲು ಒಬ್ಬರು ಹತ್ತುವಷ್ಟೇ ಅಗಲವಿದೆ. ಮೇಲೆ ಜೀನ್ಸ್ ಹೊಲಿಯುತ್ತಾರೆ. ಆ ಮೂಲೆಯ ಯಂತ್ರಕ್ಕೆ ತೂಗುಹಾಕಿರುವ ತಗಡಿನ ಪೆಟ್ಟಿಗೆ ನನ್ನದು. ಹೊಲಿದ ಜೇಬುಗಳನ್ನು ಎಣಿಸುವುದು ಅದರ ಕೆಲಸ. ನೋಡಿ, 41 ಇತ್ತು. ಪೆಡಲ್ ಒತ್ತಿದರು... 48. ಒಂದೇ ಜೇಬು! ಇಲ್ಲಿ ಜೇಬಿನ ಲೆಕ್ಕದಲ್ಲಿ ಕೂಲಿ. ಹೊಲಿಯುವವರು ನಗುತ್ತಿದ್ದಾರೆ, ಮಾಲೀಕರು ನಗುತ್ತಿಲ್ಲ.

ಮೋಟಾರಿನದೇ ತಪ್ಪು ಎಂದು ವಾರವಿಡೀ ಅದನ್ನೇ ದೂರಿದೆ. ಆಮೇಲೆ ಈ ಹಳೆಯ ರೇಡಿಯೊ ತಂದೆ. ಮೀಡಿಯಂ ವೇವ್, ಯಾವ ಕೇಂದ್ರವೂ ಸಿಗದ ಜಾಗ. ಮೋಟಾರು ನಿಂತಿದೆ. ಪೆಟ್ಟಿಗೆಗೆ ಕರೆಂಟು ಕೊಡುವ ನನ್ನ ಅಡಾಪ್ಟರಿನ ಬಳಿ ಹಿಡಿದರೆ, ಕೇಳಿಸಿತೇ, ಜೀರುಂಡೆ ಗೂಡು. ಈ ವಿದ್ಯುತ್ ಗದ್ದಲವನ್ನೇ ಪೆಟ್ಟಿಗೆ ಜೇಬೆಂದು ಎಣಿಸುತ್ತಿದೆ. ತಂತಿಯ ಮೂಲಕ ಹೊರಡುವ ಗದ್ದಲವನ್ನು ಪ್ರಯೋಗಾಲಯದಲ್ಲಿ 150 ಕಿಲೊಹರ್ಟ್ಸ್‌ನಿಂದ 30 ಮೆಗಾಹರ್ಟ್ಸ್‌ವರೆಗೆ ಅಳೆಯುತ್ತಾರೆ. ಮೀಡಿಯಂ ವೇವ್ ಅದರೊಳಗೇ ಬರುತ್ತದೆ. ಬಡವನ ಉಪಕರಣವೆಂದರೆ ಇದೇ.

ಈಗ ಈ ಅಡಾಪ್ಟರಿನ ಕಥೆ. 120 ರೂಪಾಯಿ. ಮೈಮೇಲೆ ಭಾರತೀಯ ಮಾನಕ ಬ್ಯೂರೊದ ಗುರುತಿಲ್ಲ, ‘ಆರ್’ನಿಂದ ಶುರುವಾಗುವ ನೋಂದಣಿ ಸಂಖ್ಯೆ ಇಲ್ಲ. ಕ್ಯಾಮೆರಾ ಹತ್ತಿರ ತರುತ್ತೇನೆ. ಗದ್ದಲ ಸೋಸುವ ಸುರುಳಿಗೆಂದು ಸರ್ಕ್ಯೂಟ್ ಹಲಗೆಯ ಮೇಲೆ ಜಾಗ ಬಿಟ್ಟಿದ್ದಾರೆ, ಸುರುಳಿಯ ಬದಲು ಎರಡು ತುಂಡು ತಂತಿ ಬೆಸೆದಿದ್ದಾರೆ! ಈ ನೀಲಿ ಬಿಲ್ಲೆ ಕೆಪಾಸಿಟರ್ ಗೋಡೆಯ 230 ವೋಲ್ಟಿಗೂ ನಾವು ಮುಟ್ಟುವ ಬದಿಗೂ ನಡುವಿನ ಸೇತುವೆ. ಇದು ‘ವೈ1’ ಎಂಬ ಸುರಕ್ಷತಾ ದರ್ಜೆಯದಾಗಿರಬೇಕು, ಏಕೆಂದರೆ ಆ ದರ್ಜೆಯದನ್ನು ಕೆಟ್ಟರೂ ಒಳಗೇ ಶಾರ್ಟ್ ಆಗದಂತೆ ರೂಪಿಸಿರುತ್ತಾರೆ. ಇದರ ಮೇಲೆ ಬರೀ 1 ಕೆವಿ, ಅಂದರೆ ಸಾವಿರ ವೋಲ್ಟ್, ಎಂದಿದೆ. ಎರಡು ಬದಿಗಳ ನಡುವಿನ ಅಂತರ? ಸ್ಕೇಲ್ ಇಟ್ಟಿದ್ದೇನೆ, ಎರಡು ಮಿಲಿಮೀಟರ್. ಸಾಮಾನ್ಯವಾಗಿ ಆರರಷ್ಟು ಬಿಡುತ್ತಾರೆ.

ನಾನೂ ಸಾಚಾ ಅಲ್ಲ. ಕಳೆದ ವಾರ ಇದನ್ನು ಬಿಚ್ಚಿದಾಗ ಗದ್ದಲದ ಚಿಂತೆ ಮಾತ್ರ ಇತ್ತು. ಅದೇ ಸೇತುವೆಗೆ 10 ನ್ಯಾನೊಫ್ಯಾರಡ್ ಕೆಪಾಸಿಟರ್ ಒಂದನ್ನು ಸೇರಿಸಿದೆ. ರೇಡಿಯೊ ಅರ್ಧ ತಣ್ಣಗಾಯಿತು, ಹೆಮ್ಮೆಯಿಂದ ಹೋಗಿ ಮಿರ್ಚಿ ತಿಂದೆ. ಮರುದಿನ ಫೋನು: ‘ಪೆಟ್ಟಿಗೆ ಮುಟ್ಟಿದರೆ ಇರುವೆ ಕಚ್ಚಿದ ಹಾಗಾಗುತ್ತದೆ.’ ಲೆಕ್ಕ ಹಾಕಿದರೆ 10 ನ್ಯಾನೊಫ್ಯಾರಡ್‌ಗೆ 0.72 ಮಿಲಿಆಂಪಿಯರ್ ಸೋರುತ್ತದೆ. ಭೂಸಂಪರ್ಕವಿಲ್ಲದ ಇಂತಹ ಸಾಧನಕ್ಕೆ ಹಳೆಯ ಮಾನಕದ ಮಿತಿ 0.25. ಸಾಮಾನ್ಯವಾಗಿ ಹಾಕುವ 2.2 ನ್ಯಾನೊಫ್ಯಾರಡ್‌ಗೆ 0.16 ಮಾತ್ರ. ಗದ್ದಲ ಇಳಿಸಲು ಕೆಪಾಸಿಟರ್ ದೊಡ್ಡದಾಗಬೇಕು, ಮೈ ಝುಮ್ಮೆನ್ನದಿರಲು ಚಿಕ್ಕದಾಗಬೇಕು. ಅದಕ್ಕೇ ಆ ಸುರುಳಿ ಬೇಕಿದ್ದದ್ದು. ಇಲ್ಲಿಯ ಬೇಸಿಗೆಯಂತೂ ಗೊತ್ತಲ್ಲ, ಬರಿಗಾಲು, ಬೆವರಿದ ಕೈ. ಝುಮ್ಮೆನ್ನುವುದು ಇನ್ನೂ ಜಾಸ್ತಿ. ಇರಲಿ, ಫ್ಯಾನ್ ನಿಂತಿತು, ಕರೆಂಟು ಹೋಯಿತು.

ಬಂತು. ನೋಂದಣಿ ಸಂಖ್ಯೆ ಇರುವ ಅಡಾಪ್ಟರ್, 350 ರೂಪಾಯಿ. 48 ಇದ್ದದ್ದು 50. ಈಗ ಒಂದು ಜೇಬಿಗೆ ಎರಡು ಎಣಿಸುತ್ತಿದೆ. ಅಂದರೆ ಮೋಟಾರನ್ನು ಸುಮ್ಮನೆ ಬೈದಿರಲಿಲ್ಲ. ಜೇಬನ್ನು ಗುರುತಿಸುವ ಸಂವೇದಕದ ತಂತಿಯನ್ನು ಮೋಟಾರಿನ ಕೇಬಲ್ಲಿಗೆ ಅಂದವಾಗಿ ಕಟ್ಟಿಹಾಕಿದ ಪುಣ್ಯಾತ್ಮ ನಾನೇ. ಬೇರ್ಪಡಿಸಿದೆ. ತಂತಿಯ ಗದ್ದಲ ನುಂಗುವ ಫೆರೈಟ್ ಮಣಿ ಎಂದರೆ ದುಡ್ಡು ದಂಡ ಎಂದು ಹಿಂದಿನ ವಿಡಿಯೊದಲ್ಲಿ ಹೇಳಿದ್ದೆ, ಆ ಮಾತು ವಾಪಸ್. ತಂತಿ ಪೆಟ್ಟಿಗೆಯೊಳಗೆ ಹೋಗುವ ಕಡೆ ಒಂದನ್ನು ಕಚ್ಚಿಸಿದ್ದೇನೆ.

ಪೆಡಲ್. 51. ಇನ್ನೊಮ್ಮೆ... 52.

ಮಾಲೀಕರು ತಲೆಯಾಡಿಸಿದರು. ಹೊಲಿಯುವವರು ಮಾತ್ರ ಹಳೆಯ ಪೆಟ್ಟಿಗೆಯೇ ಚೆನ್ನಾಗಿತ್ತು ಎನ್ನುತ್ತಿದ್ದಾರೆ.