ಹಳೆಯ ಮೋಟಾರ್ ದೋಣಿ: ಬಣ್ಣದ ಡಬ್ಬಿ ತೆರೆಯುವ ಮೊದಲು

[ದೃಶ್ಯ: ಹೊನ್ನಾವರ, ಶರಾವತಿಯ ದಂಡೆ. ಮರದ ದಿಮ್ಮಿಗಳ ಮೇಲೆ ಕೂರಿಸಿದ 14 ಅಡಿಯ ಹಳೆಯ ಫೈಬರ್ ದೋಣಿ. ಹಿಂಬದಿಯಲ್ಲಿ 15 ಅಶ್ವಶಕ್ತಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹೊರಗೆ ತೂಗುಹಾಕುವ ಎಂಜಿನ್.]

ನಮಸ್ಕಾರ. ಹಳೆಯ ದೋಣಿ ಕೈಗೆ ಬಂದ ತಕ್ಷಣ ಎಲ್ಲರಿಗೂ ಮೊದಲು ನೆನಪಾಗುವುದು ಬಣ್ಣ. ಬಣ್ಣ ಹೊಡೆದ ದೋಣಿ ದಂಡೆಯ ಮೇಲೆ ಚೆಂದ ಕಾಣುತ್ತದೆ, ನಿಜ. ಆದರೆ ಅಳಿವೆಯಲ್ಲಿ, ಅಲೆ ಒಡೆಯುವ ಜಾಗದಲ್ಲಿ ಎಂಜಿನ್ ಕೈಕೊಟ್ಟರೆ ಆ ಬಣ್ಣ ನೆರವಿಗೆ ಬರುವುದಿಲ್ಲ. ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಇವತ್ತಿನ ಕೆಲಸವೆಲ್ಲ ನೀರಿನ ಸುತ್ತಲೇ ಇದೆ. ಎಂಜಿನ್ನಿನೊಳಗೆ ಹರಿಯಲೇಬೇಕಾದ ನೀರು ಹರಿಯುತ್ತಿದೆಯೇ? ಗೇರ್‌ಬಾಕ್ಸ್, ಪೆಟ್ರೋಲ್ ಟ್ಯಾಂಕ್, ಹಿಂಬದಿಯ ಹಲಗೆ, ಈ ಮೂರು ಕಡೆ ನುಗ್ಗಬಾರದ ನೀರು ನುಗ್ಗಿದೆಯೇ? ಹಳೆಯ ದೋಣಿಯ ಕಾಯಿಲೆಗಳಲ್ಲಿ ಬಹುಪಾಲು ಇಲ್ಲಿಯೇ ಸಿಕ್ಕಿಬೀಳುತ್ತವೆ.

ಯಾವ ಕೆಲಸ ಯಾವಾಗ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುತ್ತದೆ. 10 ಅಶ್ವಶಕ್ತಿಯವರೆಗಿನ ಎಂಜಿನ್ ಇರುವ ನಾಡದೋಣಿಗಳಿಗೆ ಮಾತ್ರ ವಿನಾಯಿತಿ. ಮಳೆಗಾಲ ಸೂರಿನಡಿ ಕುಳಿತು ಎಂಜಿನ್ ಬಿಚ್ಚಲು ಹೇಳಿ ಮಾಡಿಸಿದ ಸಮಯ. ಫೈಬರ್ ಕೆಲಸಕ್ಕೆ ಮಾತ್ರ ಅದು ಕೆಟ್ಟ ಕಾಲ. ನೆನೆದ ಹಲಗೆ ಒಣಗುವುದಿಲ್ಲ, ಫೈಬರನ್ನು ಹಿಡಿದಿಡುವ ಅಂಟಾದ ರೆಸಿನ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಅದಕ್ಕೆ ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣಹವೆ ಬೇಕು.

[ಹತ್ತಿರದ ದೃಶ್ಯ: ಎಂಜಿನ್ನಿನ ಹಿಂಭಾಗದ ಸಣ್ಣ ತೂತಿನಿಂದ ಚಿಮ್ಮುವ ನೀರಿನ ಧಾರೆ.]

ಈ ಧಾರೆಯನ್ನು ನೋಡಿ. ಒಳಗೆ ನೀರು ಸುತ್ತುತ್ತಿದೆ ಎಂಬುದಕ್ಕೆ ಹೊರಗೆ ಕಾಣುವ ಸಾಕ್ಷಿ ಇದೊಂದೇ. ಈ ಎಂಜಿನ್ನಿಗೆ ರೇಡಿಯೇಟರ್ ಇಲ್ಲ. ಪ್ರೊಪೆಲ್ಲರಿನ ಮೇಲ್ಗಡೆ ಇರುವ ಜಾಲರಿಯಿಂದ ಹೊಳೆಯ ನೀರನ್ನೇ ಹೀರಿ, ಮೇಲಕ್ಕೆ ಹತ್ತಿಸಿ, ಬಿಸಿಯ ಸಮೇತ ಹೊರಗೆ ಬಿಡುತ್ತದೆ. ಹಾಗೆ ಹೀರುವುದು ಇಂಪೆಲ್ಲರ್ ಎಂಬ ರಬ್ಬರ್ ಚಕ್ರ, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕದು. ಹಳೆಯ ಮಾಲೀಕರ ಬೇರೆ ಯಾವ ಮಾತನ್ನು ಬೇಕಾದರೂ ನಂಬಿ, ‘ಇಂಪೆಲ್ಲರ್ ಮೊನ್ನೆಯಷ್ಟೇ ಹಾಕಿಸಿದ್ದೇನೆ’ ಎಂಬುದನ್ನು ಮಾತ್ರ ಬಿಚ್ಚಿ ನೋಡದೆ ನಂಬಬೇಡಿ.

ಧಾರೆ ಸೊರಗಿದ್ದರೆ ತಕ್ಷಣ ಸ್ಪ್ಯಾನರ್ ಹಿಡಿಯುವುದೂ ಬೇಡ. ಆ ತೂತಿನ ಬಾಯಲ್ಲಿ ಉಪ್ಪು ಕಟ್ಟಿರಬಹುದು, ದೋಣಿ ಬಹಳ ದಿನ ಮೇಲಿದ್ದರೆ ಹುಳ ಮಣ್ಣಿನ ಗೂಡು ಕಟ್ಟಿರಬಹುದು. ಎಂಜಿನ್ ಆರಿಸಿ, ದಪ್ಪ ನೈಲಾನ್ ನೂಲನ್ನು ತೂರಿಸಿ ಆಡಿಸಿ. ಕೆಳಗಿನ ಜಾಲರಿಗೆ ಪ್ಲಾಸ್ಟಿಕ್ ಚೀಲ ಅಂಟಿದೆಯೇ ನೋಡಿ. ಇಷ್ಟಾದರೂ ಧಾರೆ ಚುರುಕಾಗದಿದ್ದರೆ ಇಂಪೆಲ್ಲರ್ ಇರುವ ಎಂಜಿನ್ನಿನ ಕೆಳಭಾಗವನ್ನು ಇಳಿಸಲೇಬೇಕು.

[ದೃಶ್ಯ: ಸ್ಪಾರ್ಕ್ ಪ್ಲಗ್ಗಿನ ಟೊಪ್ಪಿಯನ್ನು ಕಿತ್ತು ಪಕ್ಕಕ್ಕಿಡುವ ಕೈ.]

ಮೊದಲು ಪ್ಲಗ್ಗಿನ ಟೊಪ್ಪಿ ಕೀಳಿ. ಕೈಯಲ್ಲಿ ಪ್ರೊಪೆಲ್ಲರ್ ತಿರುಗಿಸುವಾಗ ಎಂಜಿನ್ ಅಕಸ್ಮಾತ್ ಹೊತ್ತಿಕೊಂಡರೆ ಬೆರಳು ಉಳಿಯುವುದಿಲ್ಲ. ಆಮೇಲೆ ಗೇರ್ ಸರಳಿನ ಜೋಡಣೆ ಬಿಡಿಸಿ, ಬೋಲ್ಟುಗಳನ್ನು ಸಡಿಲಿಸಿ. ಕಷ್ಟ ಇಲ್ಲಿದೆ. ಅಲ್ಯೂಮಿನಿಯಂ ಮೈಯೊಳಗೆ ಸ್ಟೀಲ್ ಬೋಲ್ಟ್, ನಡುವೆ ವರ್ಷಗಟ್ಟಲೆ ಉಪ್ಪುನೀರು ಎಂದರೆ ಎರಡೂ ಕಚ್ಚಿಕೊಂಡಿರುತ್ತವೆ. ಬಲ ಹಾಕಿದರೆ ಬೋಲ್ಟಿನ ತಲೆ ಮುರಿದು ಕೈಗೆ ಬರುತ್ತದೆ, ಉಳಿದದ್ದನ್ನು ಕೊರೆದು ತೆಗೆಯಲು ಲೇತ್ ಅಂಗಡಿಗೆ ಅಲೆಯಬೇಕಾಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಿರಿ. ಬೆಳಿಗ್ಗೆ ತಲೆಯ ಮೇಲೆ ಮೆಲ್ಲಗೆ ತಟ್ಟಿ, ಸ್ವಲ್ಪ ಬಿಗಿಸಿ, ಸ್ವಲ್ಪ ಬಿಚ್ಚಿ, ಹೀಗೆ ಹಿಂದೆ ಮುಂದೆ ಆಡಿಸಿದರೆ ಹೆಚ್ಚಿನವು ದಾರಿಗೆ ಬರುತ್ತವೆ. ವಾಪಸ್ ಹಾಕುವಾಗ ಪ್ರತಿ ಬೋಲ್ಟಿಗೂ ಮರೀನ್ ಗ್ರೀಸ್ ಸವರಿ.

[ಹತ್ತಿರದ ದೃಶ್ಯ: ಅಂಗೈ ಮೇಲೆ ಎರಡು ಇಂಪೆಲ್ಲರ್. ಹಳೆಯದರ ರೆಕ್ಕೆಗಳು ಒಂದೇ ದಿಕ್ಕಿಗೆ ಬಾಗಿ ನಿಂತಿವೆ.]

ಹೊಸದರ ರೆಕ್ಕೆಗಳು ನೇರ, ಹಳೆಯದರವು ಬಾಗಿದ ಹಾಗೆಯೇ ಮರಗಟ್ಟಿವೆ. ಬುಡದಲ್ಲಿ ಉಗುರಿನಿಂದ ಬಿಡಿಸಿ ನೋಡಿದರೆ ಸೀಳುಗಳು ಕಾಣುತ್ತವೆ. ಒಂದು ರೆಕ್ಕೆಯೇ ಕಾಣೆಯಾಗಿದ್ದರೆ, ಹೊಸದನ್ನು ಹಾಕಿ ಕೈತೊಳೆದುಕೊಳ್ಳಬೇಡಿ. ಆ ತುಂಡು ಮೇಲಿನ ನೀರಿನ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿದೆ, ಹುಡುಕಿ ತೆಗೆಯಬೇಕು. ಹೊಸ ಇಂಪೆಲ್ಲರಿಗೆ ಸ್ವಲ್ಪ ಸಾಬೂನು ನೀರು ಸವರಿ, ಶಾಫ್ಟನ್ನು ಎಂಜಿನ್ ತಿರುಗುವ ದಿಕ್ಕಿಗೆ ತಿರುಗಿಸುತ್ತಾ ಮುಚ್ಚಳವನ್ನು ಇಳಿಸಿದರೆ ರೆಕ್ಕೆಗಳು ತಾವಾಗಿಯೇ ಸರಿಯಾಗಿ ಮಡಚಿಕೊಳ್ಳುತ್ತವೆ. ಹೆಚ್ಚಿನ ಔಟ್‌ಬೋರ್ಡುಗಳಲ್ಲಿ ಅದು ಮೇಲಿನಿಂದ ನೋಡಿದಾಗ ಗಡಿಯಾರದ ದಿಕ್ಕು. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಹಚ್ಚಿ, ಆದರೆ ತುದಿಯ ನೆತ್ತಿಗೆ ಹಚ್ಚಬೇಡಿ. ಅಲ್ಲಿ ಗ್ರೀಸ್ ಕೂತರೆ ಶಾಫ್ಟ್ ಪೂರ್ತಿ ಒಳಸೇರುವುದಿಲ್ಲ.

ಒಂದೆರಡು ವರ್ಷಕ್ಕೊಮ್ಮೆ, ಮರಳು ಕದಡಿದ ನೀರಿನಲ್ಲಿ ಓಡಿಸುವವರು ವರ್ಷಕ್ಕೊಮ್ಮೆ ಇದನ್ನು ಬದಲಿಸಬೇಕು. ನೀರಿಲ್ಲದೆ ಓಡಿಸಿದರೆ ಮಾತ್ರ ಹೊಸ ಇಂಪೆಲ್ಲರ್ ಕೂಡ ನೋಡನೋಡುತ್ತಲೇ ಸುಟ್ಟುಹೋಗುತ್ತದೆ. ‘ಸ್ಟಾರ್ಟ್ ಆಗುತ್ತದೋ ನೋಡೋಣ’ ಎಂದು ಅಂಗಳದಲ್ಲಿ ಹಗ್ಗ ಎಳೆಯುವ ಉತ್ಸಾಹಿಗಳು ಇರುವವರೆಗೂ ಬಿಡಿಭಾಗದ ಅಂಗಡಿಯವರಿಗೆ ಚಿಂತೆಯಿಲ್ಲ.

[ದೃಶ್ಯ: ಗೇರ್‌ಬಾಕ್ಸಿನ ಕೆಳಗಿನ ಸ್ಕ್ರೂ ಬಿಚ್ಚಿದಾಗ ತಟ್ಟೆಗೆ ಇಳಿಯುವ ಎಣ್ಣೆ.]

ಗೇರ್ ಆಯಿಲ್. ಇಲ್ಲಿ ಎರಡು ಸ್ಕ್ರೂ ಇವೆ. ಎರಡನ್ನೂ ಬಿಚ್ಚಿದರೆ ಎಣ್ಣೆ ಇಳಿಯುತ್ತದೆ. ಅದು ಬಿಳಿಚಿಕೊಂಡು ಮಂದವಾಗಿದ್ದರೆ ನೀರು ಬೆರೆತಿದೆ, ನೀರನ್ನು ತಡೆಯುವ ಸೀಲ್ ಹೋಗಿದೆ. ಪ್ರೊಪೆಲ್ಲರ್ ಕಳಚಿ ಅದರ ಹಿಂದೆ ನೋಡಿ. ಹರಿದ ಬಲೆಯ ನೂಲು ಶಾಫ್ಟಿಗೆ ಸುತ್ತಿಕೊಂಡು, ಬಿಸಿಗೆ ಕರಗಿ, ಸೀಲನ್ನು ಕೊಯ್ದಿರುತ್ತದೆ. ಮೀನುಗಾರಿಕೆಯ ಊರುಗಳಲ್ಲಿ ಇದು ತೀರಾ ಸಾಮಾನ್ಯ. ಸೀಲ್ ಬದಲಿಸದೆ ಬರೀ ಎಣ್ಣೆ ತುಂಬಿಸುವುದು ದುಡ್ಡನ್ನು ಹೊಳೆಗೆ ಸುರಿದಂತೆಯೇ. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ ಒತ್ತಿ, ಮೇಲಿನದರಿಂದ ಗುಳ್ಳೆಯಿಲ್ಲದೆ ಹೊರಬರುವವರೆಗೆ ತುಂಬಿಸಿ. ಮೊದಲು ಮೇಲಿನ ಸ್ಕ್ರೂ, ಆಮೇಲೆ ಕೆಳಗಿನದು. ವಾಷರ್‌ಗಳು ಹೊಸವೇ ಇರಲಿ.

ಪಕ್ಕದಲ್ಲೇ ಬೂದು ಬಣ್ಣದ ಒಂದು ಲೋಹದ ತುಂಡು ಇದೆ, ಆನೋಡ್. ಉಪ್ಪುನೀರು ಎಂಜಿನ್ನಿನ ಅಲ್ಯೂಮಿನಿಯಂ ಮೈಯನ್ನು ತಿನ್ನುವ ಬದಲು ಇದನ್ನು ತಿನ್ನಲಿ ಎಂದೇ ಇಟ್ಟದ್ದು. ಅರ್ಧ ಸವೆದಿದ್ದರೆ ಬದಲಿಸಿ. ಸಮುದ್ರಕ್ಕೆ ಸತುವಿನದು ನಡೆಯುತ್ತದೆ. ಉಪ್ಪೂ ಸಿಹಿಯೂ ಬೆರೆಯುವ ನಮ್ಮ ಹೊಳೆಬಾಯಿಗಳಿಗೆ ಅಲ್ಯೂಮಿನಿಯಂ ಆನೋಡ್ ಮೇಲು. ಅದಕ್ಕೆ ಬಣ್ಣ ಹೊಡೆದಿದ್ದರೆ ಕೆರೆದು ತೆಗೆಯಿರಿ. ಬಣ್ಣ ಮೆತ್ತಿದ ಆನೋಡ್ ಇದ್ದೂ ಇಲ್ಲದಂತೆ.

[ದೃಶ್ಯ: ಗಾಜಿನ ಬಾಟಲಿಯಲ್ಲಿ ಟ್ಯಾಂಕಿನ ತಳದಿಂದ ತೆಗೆದ ಪೆಟ್ರೋಲ್. ಕೆಳಗೆ ಬೇರೆಯೇ ಒಂದು ಪದರ.]

ಇನ್ನು ಪೆಟ್ರೋಲ್. ಶೇಕಡ 20ರಷ್ಟು ಎಥನಾಲ್ ಬೆರೆಸಿದ ಇ20 ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲೇ. ಎಥನಾಲ್ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಟೂ ಸ್ಟ್ರೋಕಿನವರಿಗೆ ಇದು ದೊಡ್ಡ ಅಪಾಯ, ಏಕೆಂದರೆ ಪೆಟ್ರೋಲಿಗೆ ಬೆರೆಸಿದ ಎಣ್ಣೆ ಈ ಕೆಳಪದರದಲ್ಲಿ ಇರುವುದಿಲ್ಲ. ಎಂಜಿನ್ ಅದನ್ನೇ ಹೀರಿದರೆ ಪಿಸ್ಟನ್ನಿಗೆ ಜಿಡ್ಡೇ ಸಿಗುವುದಿಲ್ಲ. ಹಾಗಾಗಿ ತಿಂಗಳುಗಟ್ಟಲೆ ನಿಂತ ಪೆಟ್ರೋಲನ್ನು ದೋಣಿಗೆ ಬಳಸಬೇಡಿ. ಹಳೆಯ ಪೈಪು, ಕೈಯಲ್ಲಿ ಒತ್ತುವ ರಬ್ಬರ್ ಬುರುಡೆ, ಕಾರ್ಬ್ಯುರೇಟರಿನ ಗ್ಯಾಸ್ಕೆಟ್, ಇವು ಎಥನಾಲ್ ಕಾಲಕ್ಕೆ ಮೊದಲಿನವು. ಗಟ್ಟಿಯಾಗಿದ್ದರೆ ಅಥವಾ ಅಂಟುತ್ತಿದ್ದರೆ ಬದಲಿಸಿ. ನೀರು ಬೇರ್ಪಡಿಸುವ ಫಿಲ್ಟರ್ ಒಂದನ್ನು ಲೈನಿಗೆ ಹಾಕಿಸಿ. ಪೆಟ್ರೋಲಿಗೆ ಬೆರೆಸುವ ಎಣ್ಣೆ ದೋಣಿಯ ಟೂ ಸ್ಟ್ರೋಕ್ ಎಂಜಿನ್ನಿಗೆಂದೇ ಇರುವ ಟಿಸಿ-ಡಬ್ಲ್ಯೂ3 ಗುರುತಿನದೇ ಆಗಬೇಕು, ಬೈಕಿನದಲ್ಲ. ಕೈಪಿಡಿಯಲ್ಲಿ 50:1 ಎಂದಿದ್ದರೆ 10 ಲೀಟರ್ ಪೆಟ್ರೋಲಿಗೆ 200 ಮಿಲಿಲೀಟರ್ ಎಣ್ಣೆ. ಸೀಮೆಎಣ್ಣೆ ಎಂಜಿನ್ ಇರುವವರು ನಿಲ್ಲಿಸುವ ಮುನ್ನ ಪೆಟ್ರೋಲಿಗೆ ಮರಳಿಸಿ ಸ್ವಲ್ಪ ಹೊತ್ತು ಓಡಿಸಿದರೆ ಮುಂದಿನ ಸಲ ಹಗ್ಗ ಎಳೆದು ತೋಳು ನೋಯುವುದಿಲ್ಲ.

[ದೃಶ್ಯ: ಎಂಜಿನ್ ತೂಗುವ ಹಿಂಬದಿಯ ಹಲಗೆಯನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುವ ಕೈ. ಸದ್ದು ಸ್ಪಷ್ಟವಾಗಿ ಕೇಳಲಿ.]

ತೆಂಗಿನಕಾಯಿ ತಟ್ಟಿ ನೋಡುವಂತೆ ಇಲ್ಲಿಯೂ ಕಿವಿಯೇ ಪರೀಕ್ಷಕ. ಇಲ್ಲಿ ಟಣ್ ಎನ್ನುತ್ತದೆ. ಇಲ್ಲಿ, ಬೋಲ್ಟಿನ ಕೆಳಗೆ, ಸದ್ದು ಸತ್ತಿದೆ. ಫೈಬರಿನ ಎರಡು ಪದರಗಳ ನಡುವೆ ಪ್ಲೈವುಡ್ ಇದೆ. ಬೋಲ್ಟಿನ ತೂತಿನಿಂದ ಇಳಿದ ನೀರು ಅದನ್ನು ಒಳಗೊಳಗೇ ಕೊಳೆಸಿದೆ. ಎಂಜಿನ್ನಿನ ಕೆಳಭಾಗವನ್ನು ಹಿಡಿದು ಮೇಲಕ್ಕೆ ಎತ್ತಿ, ಹಲಗೆ ಬಾಗುತ್ತದೆಯೇ ಎಂದು ಇನ್ನೊಬ್ಬರಿಗೆ ನೋಡಲು ಹೇಳಿ. ಬಾಗಿದರೆ ಆ ದೋಣಿಯನ್ನು ನೀರಿಗಿಳಿಸಬೇಡಿ.

ತೂತಿನ ಸುತ್ತ ಮಾತ್ರ ಮೆತ್ತಗಾಗಿದ್ದರೆ ನೀವೇ ಮಾಡಬಹುದು. ಗಟ್ಟಿ ಮರ ಸಿಗುವವರೆಗೆ ದೊಡ್ಡದಾಗಿ ಕೊರೆದು, ಚೆನ್ನಾಗಿ ಒಣಗಿಸಿ, ಎಪಾಕ್ಸಿ ತುಂಬಿಸಿ. ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಿರಿ. ಇನ್ನು ನೀರು ಮರವನ್ನು ಮುಟ್ಟುವುದಿಲ್ಲ. ಅರ್ಧ ಹಲಗೆಯೇ ಕೊಳೆತಿದ್ದರೆ ಒಳಪದರ ಕತ್ತರಿಸಿ ಪ್ಲೈವುಡ್ ಬದಲಿಸಬೇಕು. ಅದನ್ನು ದೋಣಿ ಕಟ್ಟುವವರಿಗೆ ಬಿಡುವುದೇ ಜಾಣತನ, ಆದರೆ ಐಎಸ್ 710 ಗುರುತಿನ ಮರೀನ್ ಪ್ಲೈವುಡ್ಡೇ ಬೇಕೆಂದು ಪಟ್ಟು ಹಿಡಿಯಿರಿ.

ಸಣ್ಣ ಫೈಬರ್ ಕೆಲಸಕ್ಕೆ ರೆಸಿನ್ ತರುವವರಿಗೆ ಒಂದು ಎಚ್ಚರಿಕೆ. ಪಾಲಿಯೆಸ್ಟರ್ ರೆಸಿನ್ ಜೊತೆ ಅಂಗಡಿಯವರು ಎರಡು ಬಾಟಲಿ ಕೊಡುತ್ತಾರೆ, ಕೋಬಾಲ್ಟ್ ಮತ್ತು ಹಾರ್ಡ್‌ನರ್. ಇವೆರಡನ್ನು ನೇರವಾಗಿ ಬೆರೆಸಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಪೂರ್ತಿ ಕಲಸಿ, ಆಮೇಲಷ್ಟೇ ಹಾರ್ಡ್‌ನರ್. ಕನ್ನಡಕ ಹಾಕಿಕೊಳ್ಳಿ; ಹಾರ್ಡ್‌ನರ್ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಹಳೆಯ ಫೈಬರ್ ಉಜ್ಜುವಾಗ ಮುಖಕ್ಕೆ ಒಳ್ಳೆಯ ಮಾಸ್ಕ್ ಇರಲಿ, ಕರವಸ್ತ್ರ ಸಾಲದು.

ವೈರಿಂಗ್ ಬಗ್ಗೆ ಹೆಚ್ಚು ಹೇಳಲಾರೆ. ಮನೆಯ ವೈರ್ ಉಪ್ಪುಗಾಳಿಗೆ ಒಳಗೇ ಕಪ್ಪಾಗುತ್ತದೆ. ತವರ ಲೇಪಿಸಿದ ತಾಮ್ರದ ವೈರ್ ಹಾಕಿ, ಬ್ಯಾಟರಿಯ ಬುಡದಲ್ಲೇ ಫ್ಯೂಸ್ ಇಡಿ.

[ದೃಶ್ಯ: ಸಿಹಿನೀರು ತುಂಬಿದ ದೊಡ್ಡ ಡ್ರಮ್ಮಿನಲ್ಲಿ ಮುಳುಗಿದ ಎಂಜಿನ್ನಿನ ಕೆಳಭಾಗ.]

ಎಲ್ಲ ಜೋಡಿಸಿದ ಮೇಲೆ ಹೀಗೆ ಡ್ರಮ್ಮಿನಲ್ಲಿ, ಜಾಲರಿ ಪೂರ್ತಿ ಮುಳುಗುವಂತೆ ಇಟ್ಟು ನಿಧಾನದ ವೇಗದಲ್ಲಿ ಹತ್ತು ನಿಮಿಷ ಓಡಿಸಿ. ಧಾರೆಗೆ ಕೈ ಒಡ್ಡಿ: ಬೆಚ್ಚಗಿರಬೇಕು, ಸುಡಬಾರದು. ಉಪ್ಪುನೀರಿನಿಂದ ಬಂದಾಗಲೆಲ್ಲ ಇದನ್ನೇ ಮಾಡಿದರೆ ಒಳಗೆ ಉಪ್ಪು ಕಟ್ಟುವುದಿಲ್ಲ.

ಹೊಳೆಯಲ್ಲಿ ಮೊದಲ ಓಟವನ್ನು ಉಬ್ಬರ ಏರುತ್ತಿರುವಾಗ ಇಟ್ಟುಕೊಳ್ಳಿ. ಎಂಜಿನ್ ನಿಂತರೆ ಏರುವ ನೀರು ದೋಣಿಯನ್ನು ಊರಿನ ಕಡೆಗೆ ತಳ್ಳುತ್ತದೆ. ಇಳಿತದಲ್ಲಾದರೆ ನೇರವಾಗಿ ಅಳಿವೆಗೆ ಒಯ್ಯುತ್ತದೆ. ಮೈಮೇಲೆ ಲೈಫ್ ಜಾಕೆಟ್, ಮಣಿಕಟ್ಟಿಗೆ ಎಂಜಿನ್ ಆರಿಸುವ ಹಗ್ಗ, ದೋಣಿಯಲ್ಲಿ ಒಂದು ಜೊತೆ ಹುಟ್ಟು, ಉದ್ದ ಹಗ್ಗ ಕಟ್ಟಿದ ಲಂಗರು. ಇಷ್ಟು ಇಲ್ಲದೆ ಸ್ಟಾರ್ಟ್ ಹಗ್ಗ ಎಳೆಯಬೇಡಿ.